ಐದು ಗೇರು ಮುಂದಕ್ಕೆ, ಐದು ಗೇರು ಹಿಂದಕ್ಕೆ

ನಾನು ಆ ಬಂಡಿಯನ್ನು ಮೊದಲು ನೋಡಿದಾಗ ಅದರ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ನೀಲಗಿರಿಯ ಟೀ ಎಸ್ಟೇಟೊಂದರ ಹಳೆಯ ಶೆಡ್ಡು ಅದು. ತಗಡಿನ ಮಾಡು ಒಂದು ಕಡೆ ಕುಸಿದು, ಬಾನೆಟ್ಟಿನ ಮೇಲೆ ವರ್ಷಗಟ್ಟಲೆ ನೀರು ತೊಟ್ಟಿಕ್ಕಿ, ಹಸಿರು ಬಣ್ಣದ ಅಡಿಯಿಂದ ತುಕ್ಕು ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ನೋಡಲು ಜೀಪಿನ ಹಾಗಿದ್ದರೂ ಜೀಪಲ್ಲ; ಅಗಲ ಹೆಚ್ಚು, ಮೂತಿ ಮೊಂಡು, ಮುಂದಿನ ಮಡ್‌ಗಾರ್ಡಿನ ಪಕ್ಕದಲ್ಲಿ ನೀರಿಗಿಳಿದಾಗ ಎತ್ತಿ ನಿಲ್ಲಿಸುವ ಒಂದು ಗಾಳಿಕೊಳವೆ. ಕಂಪನಿಯ ಫಲಕ ಇದ್ದ ಜಾಗದಲ್ಲಿ ನಾಲ್ಕು ರಿವೆಟ್ಟಿನ ತೂತು ಮಾತ್ರ ಉಳಿದಿದ್ದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಗೊತ್ತಿದ್ದದ್ದು ಇಷ್ಟೇ: ಇಂಗ್ಲೆಂಡಿನ ಸೈನ್ಯಕ್ಕೆಂದು ಮಾಡಿದ ಬಂಡಿ, ಹಿಂದಿನ ದೊರೆಯೊಬ್ಬ ಹಡಗಿನಲ್ಲಿ ತರಿಸಿಕೊಂಡಿದ್ದ, ಅವನು ವಾಪಸು ಹೋದ ಮೇಲೆ ಯಾರೂ ಓಡಿಸಿರಲಿಲ್ಲ.

ನನ್ನ ಜೊತೆ ಬಂದಿದ್ದ ಮಾವ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಹತ್ತಿರ ಹೋಗಿ ಡ್ರೈವರ್ ಸೀಟಿನ ಪಕ್ಕ ಕೈ ಇಳಿಬಿಟ್ಟು, ಕಸದ ನಡುವೆ ಏನನ್ನೋ ತಡಕಿ ಒಂದು ಲಿವರನ್ನು ಹಿಡಿದುಕೊಂಡರು.

"ಐದು ಗೇರ್ ಮುಂದಕ್ಕೆ, ಐದು ಗೇರ್ ಹಿಂದಕ್ಕೆ," ಅಂದರು. "ತಂಬಿ, ಈ ಬಂಡಿ ಮುಂದಕ್ಕೆ ಎಷ್ಟು ಜೋರಾಗಿ ಓಡ್ತದೋ ಹಿಂದಕ್ಕೂ ಅಷ್ಟೇ ಜೋರಾಗಿ ಓಡ್ತದೆ."

ಮಾವ ಅಂದರೆ ನನ್ನ ತಾಯಿಯ ದೂರದ ಅಣ್ಣ. ಸೈನ್ಯದ ವಾಹನ ವರ್ಕ್‌ಷಾಪಿನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಹೊರದೇಶದ ಮರಳುಗಾಡಿಗೆ ಶಾಂತಿಪಡೆಯ ಜೊತೆ ಹೋಗಿದ್ದಾಗ, ಬ್ರಿಟಿಷರು ಬಿಟ್ಟುಹೋದ ಇದೇ ಜಾತಿಯ ಬಂಡಿಗಳನ್ನು ಒಂದೂವರೆ ವರ್ಷ ರಿಪೇರಿ ಮಾಡಿದ್ದರು. ನಮ್ಮಿಬ್ಬರದೂ ಕೊಯಮತ್ತೂರು ಕಡೆಯ ಸಿರುಮುಗೈಯ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಗ ನನಗೂ ಬರುತ್ತಿರಲಿಲ್ಲ. ಆ ಕೆಲಸದ ನೋಟ್‌ಬುಕ್ಕೆಲ್ಲ ನಾನು ಬರೆದದ್ದು ತಮಿಳಿನಲ್ಲೇ.

ಬಂಡಿ ಬೇಕಾಗಿದ್ದದ್ದು ಒಬ್ಬ ಡಾಕ್ಟರಮ್ಮನಿಗೆ. ಸಿರುಮುಗೈ ಆಚೆ ಬೆಟ್ಟದ ಬುಡದಲ್ಲಿ ಒಂದು ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಅವರ ಬೋರ್‌ವೆಲ್ ಪಂಪಿನ ಶಾಫ್ಟನ್ನು ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿದ್ದ ನನ್ನ ಲೇಥಿನಲ್ಲಿ ಮಾಡಿಕೊಟ್ಟಿದ್ದರಿಂದ ನನ್ನ ಪರಿಚಯ. ಬೆಟ್ಟದ ಮೇಲೆ ಗಿರಿಜನರ ಐದಾರು ಹಾಡಿಗಳಿದ್ದವು. ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಆಮೇಲೆ ಕಲ್ಲುಬಂಡೆಯ ಏರು. ಬೇಸಿಗೆಯಲ್ಲಿ ಬಾಡಿಗೆ ವ್ಯಾನು ಹಳ್ಳದವರೆಗೆ ಹೋಗುತ್ತಿತ್ತು, ಅಲ್ಲಿಂದ ನಡಿಗೆ. ಮಳೆ ಶುರುವಾದರೆ ಅದೂ ಇಲ್ಲ. ಹಿಂದಿನ ಐಪ್ಪಸಿಯಲ್ಲಿ, ಅಕ್ಟೋಬರ್ ನಡುವೆ ಹುಟ್ಟುವ ಆ ಮಳೆ ತಿಂಗಳಲ್ಲಿ, ಹೆರಿಗೆ ಕಷ್ಟವಾದ ಒಬ್ಬ ಹೆಂಗಸನ್ನು ಬಟ್ಟೆಯ ಜೋಲಿಯಲ್ಲಿ ಹೊತ್ತು ತಂದವರು, ಹಳ್ಳದ ಆಚೆ ದಡದಲ್ಲಿ ನೀರು ಇಳಿಯಲಿ ಎಂದು ಕಾದು ಕೂತಿದ್ದರಂತೆ. ನೀರು ಇಳಿಯುವ ಹೊತ್ತಿಗೆ ಹೊತ್ತು ತರುವ ಅಗತ್ಯ ಉಳಿದಿರಲಿಲ್ಲ. ಡಾಕ್ಟರಮ್ಮ ಇದನ್ನು ನನಗೆ ಹೇಳಿದ್ದು ಒಂದೇ ಸಲ. ಎಸ್ಟೇಟಿನವರು ಶೆಡ್ಡಿನಲ್ಲಿ ಬಿದ್ದಿದ್ದ ಬಂಡಿಯನ್ನು ಸುಮ್ಮನೆ ಕೊಡಲು ಒಪ್ಪಿದ್ದರು. ಬರುವ ಐಪ್ಪಸಿಯೊಳಗೆ ಅದನ್ನು ಓಡುವಂತೆ ಮಾಡಿ ಎಂದು ಡಾಕ್ಟರಮ್ಮ ಕೇಳಿದರು. ಆಗ ಚಿತ್ತಿರೈ ತಿಂಗಳು, ಏಪ್ರಿಲ್ ನಡುಭಾಗ. ಆರು ತಿಂಗಳು ಇದೆಯಲ್ಲ ಎಂದುಕೊಂಡು ಒಪ್ಪಿದೆ.

ಲಾರಿಯ ಮೇಲೆ ಹೇರಿ ಘಾಟಿ ಇಳಿಸಿ, ಕೊಯಮತ್ತೂರಿನ ಹೊರಗಿರುವ ತುಡಿಯಲೂರಿಗೆ ತಂದೆವು. ಅಲ್ಲಿ ಮಾವ ತಮ್ಮ ಮಗಳ ಮನೆಯಲ್ಲಿದ್ದರು. ಮನೆಯ ಪಕ್ಕದಲ್ಲಿ ತೆಂಗಿನ ಗರಿಯ ಒಂದು ಕೊಟ್ಟಿಗೆ ಇತ್ತು. ಬೆಳಗಿನಿಂದ ಗಣಪತಿಯಲ್ಲಿ ಪಂಪಿನ ಶಾಫ್ಟು, ಬುಷ್ಷು ಕಡಿಯುವುದು. ನಾಲ್ಕು ಗಂಟೆಗೆ ಸೈಕಲ್ ಹತ್ತಿ ತುಡಿಯಲೂರು. ಆ ವರ್ಷ ಕರೆಂಟು ಕಟ್ ಜಾಸ್ತಿ. ಕರೆಂಟು ಮಧ್ಯಾಹ್ನ ಹೋದರೆ ಗಿರಾಕಿಗಳ ಕೆಲಸ ಮರುದಿನ ಬೆಳಗಿನ ಜಾವಕ್ಕೆ ಬೀಳುತ್ತಿತ್ತು. ಒಂದು ತಿಂಗಳಲ್ಲೇ ನನ್ನ ಮೊಣಕಾಲು ಸೈಕಲ್ ತುಳಿಯುವಾಗ ಕಟಕಟ ಎನ್ನತೊಡಗಿತು.

ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ಲು, ಸೀಮೆಎಣ್ಣೆ ಬೆರೆಸಿ ಸುರಿದೆವು. ದಿನಾ ಸಂಜೆ ಹ್ಯಾಂಡಲ್ ಹಾಕಿ ಒಮ್ಮೆ ಒತ್ತಿ ನೋಡುವುದು, ಅಲುಗದಿದ್ದರೆ ಬಿಡುವುದು. ಬಲ ಹಾಕಬಾರದು, ಹಾಕಿದರೆ ಪಿಸ್ಟನ್ ರಿಂಗು ಮುರಿಯುತ್ತದೆ ಎಂದು ಮಾವ ಎಚ್ಚರಿಸುತ್ತಿದ್ದರು. ಒಂಬತ್ತನೇ ದಿನ ಹ್ಯಾಂಡಲ್ ಎರಡು ಬೆರಳಿನಷ್ಟು ತಿರುಗಿತು. ಹೆಡ್ ಎತ್ತಿ ನೋಡಿದರೆ ಮೂರು ವಾಲ್ವು ಅಂಟಿಕೊಂಡಿದ್ದವು. ಅವನ್ನು ಬಿಡಿಸಿ, ಸೀಟುಗಳನ್ನು ಕೈಯಿಂದಲೇ ಅರೆದು ಕೂರಿಸಿದೆವು. ರಿಂಗು ಎಲ್ಲಿಯೂ ಸಿಗಲಿಲ್ಲ. ಬೇರೊಂದು ಲಾರಿಯ ರಿಂಗುಗಳನ್ನು ಲೇಥಿನಲ್ಲಿ ಸವೆಸಿ ಅಳತೆಗೆ ತಂದೆ. ಪೆಟ್ರೋಲ್ ಟ್ಯಾಂಕಿನೊಳಗೆ ಹಳೆಯ ಸೈಕಲ್ ಚೈನು, ಒಂದು ಮಗ್ಗು ಸೀಮೆಎಣ್ಣೆ ಹಾಕಿ ಅಲುಗಾಡಿಸಿ ಅಲುಗಾಡಿಸಿ ತುಕ್ಕು ಕಳೆದೆವು. ಇಪ್ಪತ್ತನಾಲ್ಕು ವೋಲ್ಟಿನ ವ್ಯವಸ್ಥೆ. ಎರಡು ಬ್ಯಾಟರಿ ಜೋಡಿಸಬೇಕಾಯಿತು. ಜುಲೈಯಲ್ಲಿ ಆಡಿ ತಿಂಗಳ ಗಾಳಿ ಎದ್ದಾಗ ಎಂಜಿನ್ ಒಂದು ನಿಮಿಷ ಓಡಿ, ಕೆಮ್ಮಿ, ನಿಂತಿತು. ಮಾವ ಅಂದು ಇಡೀ ಸಂಜೆ ಅದರ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು.

ಈ ಬಂಡಿಗೆ ಯಾವ ಪುಸ್ತಕವೂ ನಮ್ಮ ಹತ್ತಿರ ಇರಲಿಲ್ಲ. ಮದ್ರಾಸಿಗೆ, ಬೊಂಬಾಯಿಗೆ ಕಾಗದ ಬರೆದು ಉತ್ತರಕ್ಕೆ ಕಾದು ಬಿಟ್ಟೆ. ಪುಸ್ತಕ ಅಂದರೆ ಮಾವನೇ. ನಾನು ಬಿಚ್ಚಿ ಇಟ್ಟದ್ದನ್ನು ಅವರು ನೋಡಿ, ಇದು ಹೀಗೆ ಕೂರಬೇಕು, ಇದರ ಕೆಳಗೆ ಇಷ್ಟು ತಗಡು ಬರಬೇಕು ಎಂದು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಕಷ್ಟ ಶುರುವಾದದ್ದು ಹಿಂದಿನ ಡಿಫರೆನ್ಷಿಯಲ್ ಪೆಟ್ಟಿಗೆಯಿಂದ. ಈ ಬಂಡಿಯ ಗುಟ್ಟೆಲ್ಲ ಅಲ್ಲೇ ಇತ್ತು. ಬೇರೆ ಬಂಡಿಗಳಲ್ಲಿ ಹಿಂದಕ್ಕೆ ಓಡಿಸುವ ಹಲ್ಲು ಗೇರ್‌ಬಾಕ್ಸಿನಲ್ಲಿ ಇರುತ್ತದೆ. ಇದರಲ್ಲಿ ಮುಂದಕ್ಕೋ ಹಿಂದಕ್ಕೋ ಎಂದು ತೀರ್ಮಾನವಾಗುವುದು ಹಿಂದಿನ ಪೆಟ್ಟಿಗೆಯಲ್ಲಿ. ಅಲ್ಲಿಂದಲೇ ಇನ್ನೊಂದು ಶಾಫ್ಟು ಹೊರಟು ಮುಂದಿನ ಚಕ್ರಗಳಿಗೂ ಬಲ ಕೊಡುತ್ತದೆ. ಅಂದರೆ ಆ ಪೆಟ್ಟಿಗೆ ಕೆಟ್ಟರೆ ನಾಲ್ಕು ಚಕ್ರವೂ ಕೆಟ್ಟ ಹಾಗೆ. ಅದರ ಪಿನಿಯನ್, ಅಂದರೆ ಸಣ್ಣ ಹಲ್ಲುಚಕ್ರ, ದೊಡ್ಡ ಹಲ್ಲಿನ ಚಕ್ರಕ್ಕೆ ಎಷ್ಟು ಆಳ ಕೂರಬೇಕು ಎನ್ನುವುದನ್ನು ಬೇರಿಂಗಿನ ಕೆಳಗೆ ಇಡುವ ಕಾಗದದಷ್ಟು ತೆಳುವಾದ ತಗಡುಗಳು ನಿರ್ಧರಿಸುತ್ತವೆ. ಹಳೆಯ ತಗಡು ತುಕ್ಕು ತಿಂದು ಪುಡಿಯಾಗಿತ್ತು. ಎಷ್ಟು ದಪ್ಪ ಇಡಬೇಕು ಎಂದು ಮಾವನನ್ನು ಕೇಳಿದೆ. ನಲವತ್ತು ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ನಲವತ್ತು, ಎಂದರು. ಅನುಮಾನವೇ ಇಲ್ಲದ ದನಿ. ಸೈನ್ಯದಲ್ಲಿ ಎಲ್ಲ ಬಂಡಿಗೂ ಅಷ್ಟೇ ಇಟ್ಟು ಕೂರಿಸುತ್ತಿದ್ದೆವು ಎಂದರು.

ಇಂಥ ಹಲ್ಲು ಜೋಡಿಸಿದಾಗ ಒಂದು ಪರೀಕ್ಷೆ ಇದೆ. ಕೆಂಪು ಸೀಸದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಲ್ಲಿಗೆ ಹಚ್ಚಿ ತಿರುಗಿಸಿದರೆ ಎಲ್ಲಿ ಒತ್ತುತ್ತದೋ ಅಲ್ಲಿ ಬಣ್ಣ ಅಳಿಸಿ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಬೀಳಬೇಕು. ಇಲ್ಲದಿದ್ದರೆ ಮತ್ತೆ ಬಿಚ್ಚಿ ತಗಡು ಬದಲಿಸಿ ಮತ್ತೆ ಕೂರಿಸಬೇಕು. ಒಂದು ಸಲ ಬಿಚ್ಚಿ ಕೂರಿಸಲು ಎರಡು ಸಂಜೆ ಬೇಕು. ನನಗೆ ಆ ಪರೀಕ್ಷೆ ಗೊತ್ತಿತ್ತು. ಮಾವ ಬೇಡ ಎಂದರು, ನಾನೂ ಬಿಟ್ಟೆ. ಅವರು ಹೇಳಿದರು ಎಂದು ಬಿಟ್ಟೆ ಅನ್ನುವುದು ಅರ್ಧ ಸತ್ಯ. ಆ ದಿನ ಬೆಳಗ್ಗೆ ಐದಕ್ಕೆ ಎದ್ದಿದ್ದೆ, ಕಣ್ಣು ಎಳೆಯುತ್ತಿತ್ತು, ಬೇಡ ಎಂದದ್ದು ನನಗೆ ಬೇಕಾದ ಮಾತೇ ಆಗಿತ್ತು.

ಆಗಸ್ಟ್ ನಡುವೆ, ಆವಣಿ ತಿಂಗಳು ಹುಟ್ಟುತ್ತಲೇ ಬಂಡಿಯನ್ನು ಕೊಟ್ಟಿಗೆಯಿಂದ ಹೊರಗೆ ತಂದೆವು. ರಸ್ತೆಗೆ ಬಂದು ಮೂರನೇ ಗೇರು ಹಾಕುವ ಹೊತ್ತಿಗೆ ಹಿಂದಿನಿಂದ ಒಂದು ಊಳು. ಇನ್ನೂ ಒಂದು ಫರ್ಲಾಂಗು ಹೋಗುವುದರೊಳಗೆ ಊಳು ನಿಂತು ಟಕ್ ಟಕ್ ಎಂದು ಬಡಿತ ಶುರುವಾಯಿತು. ನಿಲ್ಲಿಸಿ, ನೂಕಿಕೊಂಡು ವಾಪಸು ತಂದೆವು. ಡ್ರೇನ್ ಪ್ಲಗ್ ಬಿಚ್ಚಿದಾಗ ಎಣ್ಣೆಯ ಜೊತೆ ಎರಡು ಉಕ್ಕಿನ ಚೂರು ಟ್ರೇಗೆ ಬಿದ್ದವು. ದೊಡ್ಡ ಚಕ್ರದ ಎರಡು ಹಲ್ಲಿನ ಮೂಲೆ ಮುರಿದಿತ್ತು. ಕೊಯಮತ್ತೂರಿನಲ್ಲಿ ಪಂಪು, ಮೋಟಾರಿನ ಯಾವ ಭಾಗ ಬೇಕಾದರೂ ಮಾಡಿಸಬಹುದು; ಆದರೆ ಅಂಥ ಬಾಗಿದ ಹಲ್ಲು ಕಡಿಯುವ ಯಂತ್ರ ನನಗೆ ತಿಳಿದವರಾರ ಹತ್ತಿರವೂ ಇರಲಿಲ್ಲ.

ಮಾವ ಆ ಚೂರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ತಗಡು ಎಷ್ಟು ಇಟ್ಟೆ ಎಂದು ಕೇಳಿದರು. ನಲವತ್ತು ಎಂದೆ. ಯಾರು ಹೇಳಿದರು ನಲವತ್ತು, ಎಪ್ಪತ್ತೈದಲ್ಲವೇ ಎಂದರು. ಅದೇ ದನಿ, ಅನುಮಾನವೇ ಇಲ್ಲದ್ದು.

ಮಾವನ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಂದು ಕೈ ತೊಳೆಯಲು ಬಾವಿಕಟ್ಟೆಗೆ ಹೋದಾಗ ಅಕ್ಕ ನೀರು ಹುಯ್ಯುತ್ತ ಎಲ್ಲ ಹೇಳಿಬಿಟ್ಟಳು. ಅಪ್ಪ ಎರಡು ಸಲ ಕ್ಷೌರದಂಗಡಿಯಿಂದ ಮನೆಗೆ ಬರುವ ದಾರಿ ತಪ್ಪಿದ್ದರಂತೆ. ತನ್ನನ್ನು ಆಗಾಗ ಸತ್ತುಹೋದ ಅಮ್ಮನ ಹೆಸರಿಂದ ಕರೆಯುತ್ತಾರಂತೆ. ಬಂಡಿ ಬಂದ ಮೇಲೆ ಎಷ್ಟೋ ಮೇಲು, ಬೆಳಗ್ಗೆ ಎದ್ದ ಕೂಡಲೇ ಕೊಟ್ಟಿಗೆಗೆ ಹೋಗುತ್ತಾರೆ, ಊಟ ಸರಿಯಾಗಿ ಮಾಡುತ್ತಾರೆ. ಅವರಿಗೆ ಇದೊಂದೇ ಹಿಡಿತ, ನೀನು ಏನೂ ಹೇಳಬೇಡ, ಅವರು ಹೇಳಿದ್ದಕ್ಕೆ ತಲೆಯಾಡಿಸಿ ಆಮೇಲೆ ನಿನಗೆ ಸರಿ ಕಂಡ ಹಾಗೆ ಮಾಡು ಎಂದು ಕೇಳಿಕೊಂಡಳು.

ಹಾಗೇ ಮಾಡಲು ನೋಡಿದೆ. ಎರಡು ವಾರ ಮಾವನ ಎದುರಿಗೆ ಜೋಡಿಸಿದ್ದನ್ನು ಅವರು ಊಟಕ್ಕೆ ಹೋದಾಗ ಬಿಚ್ಚಿ ಬೇರೆ ಥರ ಜೋಡಿಸುತ್ತಿದ್ದೆ. ಒಂದು ಕೆಲಸವನ್ನು ಎರಡು ಸಲ ಮಾಡುವುದು, ಅದರಲ್ಲಿ ಒಂದು ಸಲ ಕಳ್ಳನ ಹಾಗೆ. ನಾನು ಮಾಡಿದ್ದು ಸರಿಯೆಂಬ ಭರವಸೆಯೂ ಇರಲಿಲ್ಲ. ಅವರು ಹೇಳಿದ್ದರಲ್ಲಿ ಹತ್ತಕ್ಕೆ ಏಳು ಸರಿಯೇ ಇರುತ್ತಿತ್ತು, ಯಾವ ಏಳು ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ನಾನು ಬಿಚ್ಚಿದ ಬ್ರೇಕಿನ ಸ್ಪ್ರಿಂಗು ಅವರೇ ಸರಿಯಾಗಿ ಹಾಕಿದ್ದು, ತಪ್ಪು ಮಾಡಿದ್ದು ನಾನು. ಆ ದಿನ ಸೈಕಲ್ ಹತ್ತಲಾಗದೆ ತಳ್ಳಿಕೊಂಡೇ ಬಹಳ ದೂರ ನಡೆದೆ. ಇದನ್ನು ಹೀಗೇ ಮುಂದುವರಿಸಿದರೆ ಬಂಡಿಯೂ ಆಗುವುದಿಲ್ಲ, ನಾನೂ ಉಳಿಯುವುದಿಲ್ಲ ಅನಿಸಿತು. ಹೇಳಿಬಿಡುವುದೆಂದು ತೀರ್ಮಾನಿಸಿದೆ.

ಮರುದಿನ ಸಂಜೆ ಮಾವ ಸ್ಟೂಲಿನ ಮೇಲೆ ಕೂತು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನಲವತ್ತು ಎಂದವರೂ ನೀವೇ, ಎಪ್ಪತ್ತೈದು ಎಂದವರೂ ನೀವೇ, ಹಲ್ಲು ಮುರಿದದ್ದು ಅದರಿಂದ, ಪರೀಕ್ಷೆ ಮಾಡದೆ ಬಿಟ್ಟದ್ದು ನನ್ನ ತಪ್ಪು ಎಂದು ಹೇಳಿದೆ. ಅವರು ತೊಳೆಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ನಟ್ಟನ್ನು ತೊಳೆದಿಟ್ಟು ಕೇಳಿದರು:

"ಯಾರ್ಯಾರಿಗೆ ಗೊತ್ತು?"

"ಅಕ್ಕಂಗೆ, ನಂಗೆ."

"ಡಾಕ್ಟರಮ್ಮಂಗೆ?"

"ಇಲ್ಲ ಮಾವ."

"ಹೇಳು. ಬಂಡೀಲಿ ಕೂರೋರು ಅವರು."

ಅಷ್ಟು ಹೇಳಿ ಕೈ ಒರೆಸಿಕೊಂಡು ಒಳಗೆ ಹೋದರು. ಮೂರು ದಿನ ಕೊಟ್ಟಿಗೆಗೆ ಬರಲಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಕಾಫಿ ಲೋಟವನ್ನು ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು.

ಡಾಕ್ಟರಮ್ಮ ಭಾನುವಾರ ಬಂದರು. ಎಲ್ಲ ಕೇಳಿ, ಮಾವನ ಹತ್ತಿರ ಕಾಲು ಗಂಟೆ ಕೂತು ಏನೇನೋ ವಿಚಾರಿಸಿದರು. ಹೊರಗೆ ಬಂದು, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಂತಲೂ ಹೇಳಲಾರೆ ಎಂದರು. ಆಮೇಲೆ ಬಂಡಿಯ ವಿಷಯ. ಗರ್ಭಿಣಿಯರನ್ನು ಇದರಲ್ಲಿ ಕೂರಿಸಿ ಇಳಿಜಾರಿನಲ್ಲಿ ತರಬೇಕು, ಒಂದೊಂದು ಬೋಲ್ಟಿಗೂ ಯಾರು ಜವಾಬ್ದಾರಿ ಎಂದು ನೇರವಾಗಿ ಕೇಳಿದರು. ಎಲ್ಲಕ್ಕೂ ನಾನೇ ಜವಾಬ್ದಾರಿ ಎಂದೆ. ಅವರು, ಹಾಗಾದರೆ ಮುಂದುವರಿಸಿ, ಆಗದು ಅನಿಸಿದರೆ ಐಪ್ಪಸಿ ಹುಟ್ಟುವ ಮೊದಲೇ ಹೇಳಿ, ನಾನು ಬೇರೆ ದಾರಿ ನೋಡಿಕೊಳ್ಳಬೇಕು ಎಂದರು. ಬೇರೆ ದಾರಿ ಏನೂ ಇಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಲ್ಲು ಮುರಿದ ಮೇಲೆ ಕೆಳಗಿನದೆಲ್ಲವನ್ನೂ ಬಿಚ್ಚಿದ್ದರಿಂದ, ಮಾರನೆಯ ದಿನ ನಾನು ಸಸ್ಪೆನ್ಷನ್ನಿನ ಸರಳುಗಳನ್ನು ಮತ್ತೆ ಜೋಡಿಸುತ್ತಿದ್ದೆ. ಈ ಬಂಡಿಗೆ ಪಟ್ಟಿ ಸ್ಪ್ರಿಂಗು ಇಲ್ಲ. ಒಂದೊಂದು ಚಕ್ರಕ್ಕೂ ಉದ್ದನೆಯ ಒಂದು ಉಕ್ಕಿನ ಸರಳು, ಅದು ತಿರುಚಿಕೊಂಡು ಭಾರ ಹೊರುತ್ತದೆ. ನಾಲ್ಕೂ ನೋಡಲು ಒಂದೇ ಥರ. ಯಾವುದನ್ನು ಎಲ್ಲಿಗೆ ಹಾಕಿದರೂ ಸರಿ ಎಂದುಕೊಂಡಿದ್ದೆ. ಮಾವ ಬಂದರು. ಸ್ಟೂಲಿನಲ್ಲಿ ಕೂತು ಒಂದು ಸರಳನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರ ಕಣ್ಣು ರಸ್ತೆಯ ಕಡೆ ಇತ್ತು. ಹೆಬ್ಬೆರಳು ಮಾತ್ರ ಸರಳಿನ ತುದಿಯ ವೃತ್ತದ ಮೇಲೆ ಸುತ್ತುತ್ತ ಏನನ್ನೋ ಹುಡುಕುತ್ತಿತ್ತು. ಒಂದು ಕಡೆ ನಿಂತಿತು. ಸರಳನ್ನು ಎತ್ತಿ ಎಡಗಡೆಗೆ ಇಟ್ಟರು. ಎರಡನೆಯದನ್ನೂ ಹಾಗೇ ತಡಕಿ ಬಲಗಡೆಗೆ ಇಟ್ಟರು.

ನಾನು ಬ್ಲೇಡು ತಂದು ಅವರ ಬೆರಳು ನಿಂತ ಜಾಗದ ಬಣ್ಣ ಕೆರೆದೆ. ನಾಲ್ಕು ಪದರ ಬಣ್ಣದ ಕೆಳಗೆ ಪಂಚಿನಿಂದ ಹೊಡೆದ ಒಂದು ಸಣ್ಣ ಬಾಣದ ಗುರುತು. ಎಡಗಡೆಯವಕ್ಕೆ ಒಂದು ದಿಕ್ಕು, ಬಲಗಡೆಯವಕ್ಕೆ ಇನ್ನೊಂದು. ತಿರುಚುವ ದಿಕ್ಕಿಗೆ ಮೊದಲೇ ಒಗ್ಗಿಸಿದ ಸರಳುಗಳು ಅವು. ಅದಲುಬದಲಾದರೆ ಒಂದು ದಿನ ಏರಿನಲ್ಲೋ ಇಳಿಜಾರಿನಲ್ಲೋ ಮುರಿಯುತ್ತವೆ. ಈ ಬಾಣದ ಬಗ್ಗೆ ಮಾವ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಆಗ ಕೇಳಿದಾಗಲೂ ಏನು ಬಾಣ ಎಂದೇ ಕೇಳಿದರು.

ಅಂದಿನಿಂದ ನಾನು ಪ್ರಶ್ನೆ ಕೇಳುವುದನ್ನು ಬಿಟ್ಟೆ. ಬಾಯಿಂದ ಬಂದ ಅಂಕಿ ಯಾವುದನ್ನೂ ಬರೆದುಕೊಳ್ಳಲಿಲ್ಲ. ಬಿಚ್ಚಿದ ಭಾಗಗಳನ್ನು ತೊಳೆದು ಹಲಗೆಯ ಮೇಲೆ ಹರಡಿ, ಅವರ ಎದುರಿಗಿಟ್ಟು, ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಮಾತಾಡಿಸಿದರೆ ಕೈ ತಡವರಿಸುತ್ತಿತ್ತು, ಮಾತಾಡಿಸದಿದ್ದರೆ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಅವರು ಜೋಡಿಸಿದ್ದನ್ನು ನಾನು ಅಳೆಯುತ್ತಿದ್ದೆ, ಬರೆಯುತ್ತಿದ್ದೆ. ಬಚ್ಚಿಟ್ಟು ಬಿಚ್ಚುವುದು ನಿಂತಿತು. ಬಿಚ್ಚಬೇಕಾದರೆ ಅವರ ಎದುರಿಗೇ ಬಿಚ್ಚುತ್ತಿದ್ದೆ.

ಡಿಫರೆನ್ಷಿಯಲ್ಲಿನ ತಗಡಿಗೆ ಮಾತ್ರ ಕೈಯೂ ಸಹಾಯಕ್ಕೆ ಬರಲಿಲ್ಲ. ಅದನ್ನು ನಾನೇ ಕೆಂಪು ಬಣ್ಣ ಹಚ್ಚಿ ಹಚ್ಚಿ ಕಂಡುಕೊಳ್ಳಬೇಕಾಯಿತು. ಮುರಿದ ಎರಡು ಹಲ್ಲುಗಳ ಅಂಚನ್ನು ಎಣ್ಣೆಕಲ್ಲಿನಿಂದ ಉಜ್ಜಿ ದುಂಡಗೆ ಮಾಡಿದೆ. ಬಿರುಕು ಒಳಗೆ ಹೋಗಿದೆಯೋ ಎಂದು ನೋಡಲು ಸೀಮೆಎಣ್ಣೆಯಲ್ಲಿ ಒಂದು ದಿನ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದೆ. ಬಿರುಕಿದ್ದರೆ ಎಣ್ಣೆ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಒಂದು ಗಂಟೆ ಕಾದೆ, ಗೆರೆ ಮೂಡಲಿಲ್ಲ. ಮೂಡಿದ್ದರೆ ಅಲ್ಲಿಗೇ ಕೆಲಸ ಮುಗಿಯುತ್ತಿತ್ತು, ಮನೆಗೆ ಹೋಗಿ ಮಲಗಬಹುದಿತ್ತು ಎನ್ನುವ ಯೋಚನೆಯೂ ಬಂತು. ಆಮೇಲೆ ತಗಡು ಐವತ್ತಕ್ಕೆ ಕೂರಿಸಿದೆ, ಗುರುತು ಅಂಚಿಗೆ ಬಿತ್ತು. ಅರವತ್ತು, ಇನ್ನೂ ಅಂಚು. ಒಂಬತ್ತು ಸಲ ಬಿಚ್ಚಿ ಕೂರಿಸಿದೆ. ಒಂಬತ್ತನೆಯ ಸಲ ಗುರುತು ಹಲ್ಲಿನ ನಡುವೆ, ಹುಣಸೆ ಬೀಜದ ಆಕಾರದಲ್ಲಿ ಬಿತ್ತು. ಅಳೆದರೆ ಅರವತ್ತೆಂಟು. ನಲವತ್ತೂ ಅಲ್ಲ, ಎಪ್ಪತ್ತೈದೂ ಅಲ್ಲ. ಆ ಸಂಜೆ ಅಕ್ಕ ಕಾಫಿಯನ್ನು ಕೈಗೇ ಕೊಟ್ಟಳು.

ಕೊನೆಗೆ ಉಳಿದದ್ದು ಚಕ್ರದ ಒಳಗಿನ ಜಾಯಿಂಟುಗಳು. ಚಕ್ರ ತಿರುವಿದಾಗಲೂ ಬಲ ಸಾಗಿಸಲು ಒಂದೊಂದು ಚಕ್ರದಲ್ಲೂ ಒಂದಕ್ಕೊಂದು ಕೊಕ್ಕೆಯಂತೆ ಕೂರುವ ನಾಲ್ಕು ತುಂಡುಗಳು. ಬಿಡಿಸಿದ್ದು ನಾನೇ, ಆದರೆ ಜೋಡಿಸಲು ಆರು ಸಂಜೆ ಒದ್ದಾಡಿದೆ. ಮೂರು ಕೂತರೆ ನಾಲ್ಕನೆಯದು ಒಳಗೆ ಹೋಗುವುದಿಲ್ಲ. ಹೊರಗೆ ಮೋಡ ಕವಿಯುತ್ತಿತ್ತು. ಏಳನೆಯ ಸಂಜೆ ಆ ತುಂಡುಗಳನ್ನು ಮಾವನ ಮುಂದಿಟ್ಟೆ. ಅವರು ಗ್ರೀಸು ಮೆತ್ತಿ, ಎರಡನ್ನು ಅಂಗೈಯಲ್ಲಿ ಹಿಡಿದು, ಉಳಿದೆರಡನ್ನು ಅಡ್ಡಡ್ಡಲಾಗಿ ತೂರಿಸಿ, ಚಪಾತಿ ಹಿಟ್ಟು ತಿರುವುವ ಹಾಗೆ ಒಮ್ಮೆ ತಿರುವಿದರು. ಕೂತಿತು. ನಾಲ್ಕು ಜಾಯಿಂಟೂ ಒಂದೇ ಸಂಜೆ ಮುಗಿಯಿತು. ಮರುದಿನ ಒಂದೊಂದನ್ನೂ ಪರೀಕ್ಷಿಸುವಾಗ ಮುಂದಿನ ಎಡಚಕ್ರದ ನಟ್ಟಿಗೆ ಪಿನ್ನು ಹಾಕದಿರುವುದು ಕಂಡಿತು. ಪಿನ್ನಿಲ್ಲದಿದ್ದರೆ ನಟ್ಟು ತಿರುಗಿ ಚಕ್ರವೇ ಕಳಚುತ್ತಿತ್ತು. ಮಾವನನ್ನು ಕರೆದು ತೋರಿಸಿದೆ. ಅವರು ನೋಡಿ, ಪಿನ್ನು ತೆಗೆದುಕೊಂಡು, ಹಾಕಿ, ತುದಿ ಮಡಿಸಿದರು.

ಐಪ್ಪಸಿ ಹುಟ್ಟಿ ನಾಲ್ಕು ದಿನವಾಗಿತ್ತು. ಬೆಳಗ್ಗೆ ತುಡಿಯಲೂರಿನಿಂದ ಬಂಡಿ ಓಡಿಸಿಕೊಂಡು ಹೊರಟೆ, ಪಕ್ಕದಲ್ಲಿ ಮಾವ. ಕಾರಮಡೈ ದಾಟುವವರೆಗೂ ನನ್ನ ಕಿವಿಯೆಲ್ಲ ಹಿಂದಿನ ಪೆಟ್ಟಿಗೆಯ ಮೇಲೆ. ಊಳಿಲ್ಲ, ಬಡಿತವಿಲ್ಲ. ಸಿರುಮುಗೈಯಲ್ಲಿ ಮಗ್ಗದ ಸದ್ದಿನ ಬೀದಿ ದಾಟಿ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ತಮ್ಮ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮೊದಲು ನೀವು ಇಲ್ಲದೆ ಪರೀಕ್ಷೆ ಮಾಡುತ್ತೇನೆ ಎಂದೆ. ಅವರು ಹಿಂದಿನ ಸೀಟಿಗೆ ಹತ್ತಿ ಕೂತೇಬಿಟ್ಟರು.

ಹಿಂದಿನ ದಿನ ಮೇಲೆ ಮಳೆಯಾಗಿತ್ತು. ಹಳ್ಳದಲ್ಲಿ ನೀರು ಕೆಂಪಗೆ ಮೊಣಕಾಲೆತ್ತರ ಓಡುತ್ತಿತ್ತು. ನಾನು ನಿಲ್ಲಿಸಿ, ಮುಂದಿನ ಚಕ್ರಗಳಿಗೂ ಬಲ ಕೊಡುವ ಲಿವರ್ ಎಳೆದು, ಮೊದಲ ಗೇರಿನಲ್ಲಿ ಇಳಿಸಿದೆ. ನಡುವೆ ಒಂದು ಕಡೆ ಹಿಂದಿನ ಚಕ್ರ ಜಾರಿ ಸುತ್ತಿತು. ಬಂಡಿ ಪಕ್ಕಕ್ಕೆ ವಾಲಿತು. ನನ್ನ ಕಾಲು ಬ್ರೇಕಿನ ಕಡೆ ಹೋಯಿತು. ಮಾವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿ ಹಿಡಿದರು, ಅಷ್ಟೇ. ಮುಂದಿನ ಚಕ್ರಗಳು ಕಲ್ಲನ್ನು ಕಚ್ಚಿದವು. ಆಚೆ ದಡದ ಬಂಡೆಯೇರನ್ನು ಬಂಡಿ ಅವಸರವಿಲ್ಲದೆ ಹತ್ತಿತು. ಮೇಲಿನ ಹಾಡಿಯಲ್ಲಿ ಡಾಕ್ಟರಮ್ಮ ಇಳಿದು ಒಂದು ಗುಡಿಸಿಲೊಳಗೆ ಹೋದವರು ಒಂದೂವರೆ ಗಂಟೆ ಬರಲಿಲ್ಲ. ನಾನು ಬಂಡಿಯ ಕೆಳಗೆ ಮಲಗಿ ಒಂದೊಂದು ನಟ್ಟನ್ನೂ ಮುಟ್ಟಿ ನೋಡಿದೆ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಜ್ವರದ ಒಬ್ಬ ಮುದುಕಿ, ತುಂಬು ಬಸುರಿ ಒಬ್ಬಳು. ಇಬ್ಬರೂ ಸೀಟಿನ ಕಂಬಿ ಬಿಗಿಹಿಡಿದು ಕೂತಿದ್ದರು. ಹಳ್ಳ ದಾಟಿದ ಮೇಲೆ ಡಾಕ್ಟರಮ್ಮ ನನಗೆ ಧನ್ಯವಾದ ಹೇಳಲಿಲ್ಲ. ಎಣ್ಣೆ ಎಷ್ಟು ದಿನಕ್ಕೆ ಬದಲಿಸಬೇಕು, ಯಾವ ನಟ್ಟನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂದು ಕೇಳಿ ಬರೆದುಕೊಂಡರು. ನನಗೆ ಅದೇ ಸಾಕಾಗಿತ್ತು.

ಬಂಡಿಯನ್ನು ಅಲ್ಲೇ ಬಿಟ್ಟು, ಮಧ್ಯಾಹ್ನ ಮೇಟ್ಟುಪಾಳಯದಿಂದ ಕೊಯಮತ್ತೂರು ಬಸ್ಸು ಹತ್ತಿದೆವು. ಸೀಟು ಸಿಕ್ಕಿತು. ಆರು ತಿಂಗಳ ಆಯಾಸ ಒಮ್ಮೆಗೇ ಕುತ್ತಿಗೆಗೆ ಬಂದು ಕೂತ ಹಾಗಾಯಿತು. ಮಾವನನ್ನು ಒಬ್ಬರನ್ನೇ ಬಿಡಬೇಡ ಎಂದು ಅಕ್ಕ ಹೇಳಿ ಕಳಿಸಿದ್ದಳು. ಕಣ್ಣು ತೆರೆದಿರಬೇಕೆಂದು ಎರಡು ಸಲ ಮುಖ ಉಜ್ಜಿಕೊಂಡೆ. ಮಾವ ತಮ್ಮ ಹೆಗಲ ಟವಲನ್ನು ಮಡಿಸಿ ಕಿಟಕಿಯ ಕಂಬಿಗೆ ಇಟ್ಟರು.

"ಮಲಗು ತಂಬಿ. ತುಡಿಯಲೂರ್ ಬಂದ್ರೆ ಎಬ್ಬಿಸ್ತೀನಿ."

ಮಲಗಿಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅವರು ಭುಜ ಅಲುಗಾಡಿಸಿ ಎಬ್ಬಿಸಿದರು. ಆಗಲೇ ಎದ್ದು ನಿಂತು ಕಂಡಕ್ಟರಿಗೆ ಸೀಟಿ ಊದಲು ಹೇಳಿದ್ದರು. ನಿದ್ದೆಗಣ್ಣಿನಲ್ಲಿ ಅವರ ಹಿಂದೆಯೇ ಇಳಿದೆ. ಬಸ್ಸು ಹೊರಟುಹೋಯಿತು. ಧೂಳು ಇಳಿದ ಮೇಲೆ ನೋಡಿದರೆ ಅದು ನರಸಿಂಹನಾಯಕ್ಕನ್‌ಪಾಳಯ. ತುಡಿಯಲೂರು ಇನ್ನೂ ಮುಂದೆ ಇತ್ತು.

ಮಾವ ರಸ್ತೆಯ ಆ ಕಡೆ, ಈ ಕಡೆ ನೋಡಿದರು. ಎದುರಿಗಿದ್ದ ಟೀ ಅಂಗಡಿಯನ್ನು ನೋಡಿದರು. ಟವಲನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ತೆಗೆದರು.

"ಇದೇ ತಾನೆ?" ಅಂದರು.

"ಇದೇ ಮಾವ," ಅಂದೆ. "ಸ್ವಲ್ಪ ನಡೀಬೇಕು."

ಅವರ ಕೈಯಿಂದ ಸ್ಪ್ಯಾನರಿನ ಚೀಲ ತೆಗೆದುಕೊಂಡೆ. ರಸ್ತೆಯ ಅಂಚಿನ ಹುಣಸೆಮರಗಳ ನೆರಳು ಹಿಡಿದು ಇಬ್ಬರೂ ತುಡಿಯಲೂರಿನ ಕಡೆ ನಡೆಯತೊಡಗಿದೆವು.